ಗುಟ್ಟು ಇಟ್ಟುಕೊಂಡರೆ ನಂಬಿಕೆ ಇಲ್ಲವೆಂದೇ?

ನೆರೆಮನೆಯ ಅಕ್ಕನಿಗೆ ಎಪ್ಪತ್ತು ದಾಟಿತು. ಮಗ ಗಲ್ಫಿನಲ್ಲಿ. ಬಂದ್ಯೋಡು ಪೇಟೆವರೆಗೆ ಹೋಗಲಿಕ್ಕೆ ಕಾಲುನೋವು, ಹಾಗಾಗಿ ಬ್ಯಾಂಕಿನ ಕೆಲಸವೆಲ್ಲ ಮೊಬೈಲಿನಲ್ಲೇ. ಮೊನ್ನೆ ಫೋನನ್ನು ನನ್ನ ಕೈಗೆ ಕೊಟ್ಟು ಪಾಸ್‌ವರ್ಡನ್ನೂ ಹೇಳಿಬಿಟ್ಟರು. "ಅದನ್ನು ನನ್ನಲ್ಲಿ ಹೇಳಬೇಡಿ ಅಕ್ಕ, ನೀವೇ ಒತ್ತಿ" ಎಂದೆ. ಅವರಿಗೆ ಬೇಸರವಾಯಿತು. "ನಿಮ್ಮಲ್ಲಿ ನನಗೆಂತ ಗುಟ್ಟು ಮಾಷ್ಟ್ರೇ? ನಾನು ನಿಮ್ಮನ್ನು ನಂಬುವುದಿಲ್ಲವಾ?"

ಆ ಮಾತು ಮನಸ್ಸಿನಲ್ಲಿ ಉಳಿಯಿತು. ದೂರ ಹೋಗುವಾಗ ಮನೆಯ ಬೀಗದ ಕೈಯನ್ನು ನೆರೆಮನೆಯಲ್ಲಿ ಕೊಟ್ಟು ಹೋಗುವವರು ನಾವು. ಹಾಗಿರುವಾಗ ಪಾಸ್‌ವರ್ಡ್ ಮುಚ್ಚಿಡುವುದು ನಂಬಿಕೆಗೆ ಕೊರತೆಯಲ್ಲವೇ?

ನನಗೆ ಹಾಗೆ ಕಾಣುವುದಿಲ್ಲ. ಬೀಗದ ಕೈಯನ್ನು ಹಿಂದೆ ಕೊಟ್ಟರೆ ಮುಗಿಯಿತು. ಒಮ್ಮೆ ಕೇಳಿದ ಪಾಸ್‌ವರ್ಡನ್ನು ಹಿಂದೆ ಕೊಡಲಿಕ್ಕೆ ಆಗುವುದಿಲ್ಲ. ನಾಳೆ ಅಕ್ಕನ ಖಾತೆಯಿಂದ ಯಾರೋ ಹಣ ಎಳೆದರೆ, ಗುಟ್ಟು ಗೊತ್ತಿದ್ದವನು ನಾನೊಬ್ಬ. ಅಕ್ಕ ಬಾಯಿಬಿಟ್ಟು ಕೇಳಲಿಕ್ಕಿಲ್ಲ. ಆದರೆ ಸಂಶಯ ಅಂಗಳದಲ್ಲಿ ಬಂದು ನಿಂತಿರುತ್ತದೆ. ನಂಬಿದವನ ತಲೆಯ ಮೇಲೆ ಅಂಥ ಭಾರ ಹೊರಿಸದಿರುವುದೂ ನಂಬಿಕೆಗೆ ಕೊಡುವ ಮರ್ಯಾದೆಯೇ.

ಇನ್ನು ಕೆಲವರು, "ನನ್ನಲ್ಲಿ ಕದಿಯಲಿಕ್ಕೆ ಎಂತ ಉಂಟು?" ಎನ್ನುತ್ತಾರೆ. ಎಷ್ಟೋ ಸಲ ಕಳ್ಳನಿಗೆ ಬೇಕಾದ್ದು ನಮ್ಮ ಹಣವಲ್ಲ, ನಮ್ಮ ಹೆಸರು. ನನ್ನ ವಾಟ್ಸಾಪ್ ಅವನ ಕೈಸೇರಿದರೆ, "ಅರ್ಜೆಂಟ್ ಉಂಟು, ಐದು ಸಾವಿರ ಕಳಿಸು" ಎಂದು ನನ್ನ ಬಂಧುಗಳನ್ನು ಕೇಳುತ್ತಾನೆ. ಅವರು ಕಳಿಸುವುದು ನನ್ನನ್ನು ನಂಬಿ. ಬೇಲಿ ಮುರಿದದ್ದು ನನ್ನದು, ದನ ನುಗ್ಗಿದ್ದು ಆಚೆಮನೆಯವರ ತೋಟಕ್ಕೆ. ಆದ್ದರಿಂದ ಬೇಲಿ ಗಟ್ಟಿ ಮಾಡುವುದು ಬರೀ ನನ್ನ ಇಷ್ಟದ ವಿಷಯವಲ್ಲ, ಇತರರಿಗೆ ಸಲ್ಲಬೇಕಾದ ಋಣ.

ಗಟ್ಟಿ ಮಾಡುವುದು ಹೇಗೆ? ನಾಲ್ಕು ಅಂಕೆಗಳಿಂದ ಆಗುವ ಗುಟ್ಟು ಒಟ್ಟು 10,000. ಹುಟ್ಟಿದ ವರ್ಷವನ್ನೇ ಇಟ್ಟರೆ ಕಳ್ಳ ನೂರು ಸಲ ಊಹಿಸಿದರೆ ಸಾಕು. ಇಂಗ್ಲಿಷಿನ ಒಂದು ಅಕ್ಷರ ಹೆಚ್ಚಿಸಿದರೆ ಅವನ ಕೆಲಸ 26 ಪಾಲಾಗುತ್ತದೆ. ನಾಲ್ಕು ಹೆಚ್ಚಿಸಿದರೆ ನಾಲ್ಕೂವರೆ ಲಕ್ಷ ಪಾಲು. ಉದ್ದವೇ ಬಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಶಬ್ದ ಜೋಡಿಸಿ: ಹಲಸು, ರೈಲು, ಸೂಜಿ, ಮೋಡ ಎಂಬ ಹಾಗೆ. ಇದನ್ನೇ ಇಡಬೇಡಿ, ಅಚ್ಚಾಗಿ ಹೋಯಿತು! ಒಂದೊಂದು ಖಾತೆಗೆ ಒಂದೊಂದು ಇರಲಿ. ಒಂದು ಸೋರಿದರೆ ಉಳಿದದ್ದಾದರೂ ಉಳಿದೀತು. ಮರೆಯುವ ಹೆದರಿಕೆ ಇದ್ದರೆ ಬರೆದು ಕಪಾಟಿನಲ್ಲಿಡಿ. ದೂರದಲ್ಲಿ ಕೂತ ಕಳ್ಳನಿಗೆ ನಿಮ್ಮ ಕಪಾಟು ಕಾಣುವುದಿಲ್ಲ. ಓಟಿಪಿಯನ್ನು ಯಾರಿಗೂ ಹೇಳಬೇಡಿ. ಮೋಸಹೋದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನು ಮಾಡಿ.

ಅಕ್ಕನಿಗೂ ಇಷ್ಟನ್ನೇ ಹೇಳಿದೆ. ಹಳೆಯದನ್ನು ಬದಲಾಯಿಸಲಿಕ್ಕೆ ಕೂತರು. ನಾನು ಅಡಿಕೆ ಮರಗಳ ಕಡೆಗೆ ಮುಖ ತಿರುಗಿಸಿ ನಿಂತೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಹತ್ತು ನಿಮಿಷ ಹಿಡಿಯಿತು. ಮತ್ತೆ ಒಳಗೆ ಹೋಗಿ ಚಹಾ ತಂದುಕೊಟ್ಟರು.