ದಾನವೂ ಮುಯ್ಯಿಯೂ

ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ ಎಂಬುದು ಲೋಕರೂಢಿ. ದಾನವು ಎಷ್ಟೇ ಶುದ್ಧವಾದ ಮನಸ್ಸಿನಿಂದ ಬಂದಿರಲಿ, ಕೈಗಳ ಈ ಮೇಲುಕೀಳನ್ನು ಅದು ಅಳಿಸಲಾರದು. ಹಾಗಾದರೆ ಉಳ್ಳವರಿಗೂ ಇಲ್ಲದವರಿಗೂ ನಡುವೆ ಸಮಾನರ ಸ್ನೇಹವೆಂಬುದು ಸಾಧ್ಯವೆ? ಈ ಪ್ರಶ್ನೆಯು ವ್ಯಕ್ತಿಗಳಿಗೆ ಸಲ್ಲುವಷ್ಟೇ ಜನಾಂಗಗಳಿಗೂ ಸಲ್ಲುವುದು. ಬ್ರಿಟನ್ನಿನ ವೇಲ್ಸ್ ನಾಡಿಗೂ ಆಫ್ರಿಕದ ಲೆಸೋಥೊ ದೇಶಕ್ಕೂ ಏರ್ಪಟ್ಟಿರುವ ನಂಟು ಇದನ್ನು ವಿಚಾರಿಸುವುದಕ್ಕೆ ತಕ್ಕ ನಿದರ್ಶನವಾಗಿದೆ.

೧೯೮೫ನೆಯ ಇಸವಿಯಲ್ಲಿ ವೇಲ್ಸಿನಲ್ಲಿ ಹುಟ್ಟಿದ ಲೋಕೋಪಕಾರಿ ಸಂಘವೊಂದಕ್ಕೆ ‘ಡೋಲೆನ್ ಕಮ್ರಿ’ ಎಂದು ಹೆಸರು. ವೆಲ್ಷ್ ಭಾಷೆಯಲ್ಲಿ ‘ಡೋಲೆನ್’ ಎಂದರೆ ಕೊಂಡಿ. ‘ಕಮ್ರಿ’ ಎಂದರೆ ವೇಲ್ಸ್. ಅದರ ಸ್ಥಾಪನೆಗೆ ಕಾರಣರಾದ ಡಾಕ್ಟರ್ ಕಾರ್ಲ್ ಕ್ಲೌಸ್ ಅವರು, ೧೯೭೪ರಷ್ಟು ಹಿಂದೆಯೇ, ತಾವು ವೈದ್ಯರಾಗಿದ್ದ ಹಳ್ಳಿಯು ಕ್ಷೀಣಿಸುತ್ತಿರುವುದನ್ನು ಕಂಡು, ಹಳ್ಳಿಗರೇ ಕೂಡಿ ನಡೆಸುವ ಸಹಕಾರ ಸಂಘವನ್ನು ಕಟ್ಟಲು ಮುಂದಾಗಿದ್ದವರು. ಲೆಸೋಥೊವಿನ ಕಡೆಗೆ ಮನಸ್ಸು ಹರಿದುದಕ್ಕೆ ಅದರ ಬಡತನವೊಂದೇ ಕಾರಣವಲ್ಲ; ಹೋಲಿಕೆಯೂ ಕಾರಣ. ಎರಡೂ ಬೆಟ್ಟಗುಡ್ಡಗಳ ಸಣ್ಣ ನಾಡುಗಳು. ಎರಡಕ್ಕೂ ಪಕ್ಕದಲ್ಲಿ ದೊಡ್ಡ ನೆರೆಯುಂಟು. ಲೆಸೋಥೊವನ್ನಂತೂ ದಕ್ಷಿಣ ಆಫ್ರಿಕವು ನಾಲ್ಕು ದಿಕ್ಕಿನಿಂದಲೂ ಸುತ್ತುವರಿದಿದೆ. ಇಂಗ್ಲಿಷಿನ ಮಗ್ಗುಲಲ್ಲಿಯೇ ಎರಡು ನಾಡುಗಳೂ ತಮ್ಮ ತಮ್ಮ ನುಡಿಯನ್ನು ಉಳಿಸಿಕೊಂಡಿವೆ. ಎರಡೂ ಮೇಳಗಾನಕ್ಕೆ ಹೆಸರಾದವು. ವೇಲ್ಸಿನ ಗಂಡಸರು ಕಲ್ಲಿದ್ದಲ ಗಣಿಗಳಿಗೆ ಇಳಿದರು. ಲೆಸೋಥೊವಿನ ಗಂಡಸರು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೆ ಇಳಿದರು. ಗಣಿಯ ಧೂಳು ಇವರ ಎದೆಯನ್ನೂ ಅವರ ಎದೆಯನ್ನೂ ಒಂದೇ ಬಗೆಯಾಗಿ ಕೆಡಿಸಿತು.

ಈ ಕೊಂಡಿಯಿಂದ ಶಾಲೆಗೆ ಶಾಲೆ ಜೊತೆಗೂಡಿತು. ವೇಲ್ಸಿನ ಉಪಾಧ್ಯಾಯರು ಲೆಸೋಥೊವಿನ ಶಾಲೆಗಳಲ್ಲಿದ್ದು ಪಾಠ ಹೇಳಿದರು. ಅಲ್ಲಿಯ ಉಪಾಧ್ಯಾಯರು ವೇಲ್ಸಿಗೆ ಬಂದರು. ಉತ್ತರ ವೇಲ್ಸಿನ ವೈದ್ಯರಿಗೂ ದಾದಿಯರಿಗೂ ಕ್ವುಥಿಂಗ್ ಜಿಲ್ಲೆಯ ಆಸ್ಪತ್ರೆಯೊಡನೆ ಬಳಕೆ ಬೆಳೆಯಿತು.

ಇದನ್ನು ದಾನವೆನ್ನಬೇಕೆ? ೧೮೬೮ರಿಂದ ೧೯೬೬ರವರೆಗೆ ಲೆಸೋಥೊವು ಬ್ರಿಟನ್ನಿನ ಆಳಿಕೆಗೆ ಒಳಪಟ್ಟಿದ್ದಿತು ಎಂಬುದನ್ನು ನೆನೆದರೆ, ದಾನಕ್ಕಿಂತ ಋಣವೆಂಬ ಮಾತೇ ಹೆಚ್ಚು ಒಪ್ಪುವುದೆಂದು ಕೆಲವರು ಹೇಳಬಹುದು. ಆದರೆ ಋಣವು ತೀರಿದೊಡನೆ ಸಂಬಂಧವೂ ತೀರುವುದು. ಕನ್ನಡದಲ್ಲಿ ಇವೆರಡಕ್ಕೂ ಸೇರದ ಇನ್ನೊಂದು ಮಾತುಂಟು: ಮುಯ್ಯಿ. ಒಬ್ಬನ ಹೊಲದ ಕೊಯ್ಲಿಗೆ ನೆರೆಯವನು ಆಳಾಗಿ ಬರುವನು; ನೆರೆಯವನ ಕೊಯ್ಲಿಗೆ ಇವನು ಹೋಗುವನು. ಇಲ್ಲಿ ಪಡೆದವನು ತಲೆ ತಗ್ಗಿಸಬೇಕಾಗಿಲ್ಲ, ಕೊಟ್ಟವನು ಬೀಗಬೇಕಾಗಿಲ್ಲ.

ಲೆಸೋಥೊವು ಯಾವ ಮುಯ್ಯಿಯನ್ನು ತೀರಿಸೀತು ಎಂದು ಸಂದೇಹವಾದಿಯು ಕೇಳದೆ ಇರನು. ಅಲ್ಲಿಗೆ ಹೋದ ದಾದಿಯು ಯಂತ್ರಗಳ ನೆರವಿಲ್ಲದೆ ರೋಗಿಯನ್ನು ನೋಡಿಕೊಳ್ಳುವುದನ್ನು ಕಲಿತು ಬಂದಳು, ಇಲ್ಲಿಯ ಮಕ್ಕಳ ಲೋಕಜ್ಞಾನ ಬೆಳೆಯಿತು ಎಂದು ವೇಲ್ಸಿನವರು ಉತ್ತರ ಹೇಳುವರು. ಈ ಉತ್ತರ ಸುಳ್ಳಲ್ಲ, ಆದರೆ ಸಾಲದು. ತನಗೆ ಬಂದ ಲಾಭದ ಬೆಲೆಯನ್ನು ಕೊಟ್ಟವನೇ ಕಟ್ಟಿ, ಲೆಕ್ಕ ಸರಿಹೋಯಿತೆಂದು ತಾನೇ ಹೇಳಿಕೊಂಡರೆ, ಅದು ತನ್ನ ಟಂಕಸಾಲೆಯಲ್ಲಿ ತಾನೇ ಹೊಡೆದುಕೊಂಡ ನಾಣ್ಯವಾಗುವುದು.

ಮುಯ್ಯಿಗೆ ಇನ್ನೊಂದು ಧರ್ಮವುಂಟು. ಮುಯ್ಯಾಳಾಗಿ ಬಂದವನು ಹೊಲದ ಒಡೆಯನು ಹೇಳಿದ ದಿನ ಬರಬೇಕು, ಹೇಳಿದ ಸಾಲನ್ನು ಕೊಯ್ಯಬೇಕು. ತನಗೆ ಚೆನ್ನಾಗಿ ಕಂಡಿತೆಂದು ಹಸುರು ಪೈರನ್ನು ಕೊಯ್ದಿಟ್ಟು ಹೋಗುವ ಅಧಿಕಾರ ಅವನಿಗಿಲ್ಲ. ಸಮಾನತೆಯು ನಿಜವಾಗಿ ನೆಲಸಿರುವುದು ಇಲ್ಲಿಯೇ. ದೂರದಿಂದ ಬಂದ ಹಳೆಯ ಯಂತ್ರಗಳು ಬಿಡಿಭಾಗವಿಲ್ಲದೆ, ದುರಸ್ತಿ ಬಲ್ಲವರಿಲ್ಲದೆ, ಆಫ್ರಿಕದ ಎಷ್ಟೋ ಆಸ್ಪತ್ರೆಗಳ ಮೂಲೆಗಳಲ್ಲಿ ಬಿದ್ದಿರುವುವು. ಅವುಗಳನ್ನು ಕಳುಹಿಸಿದವರಲ್ಲಿ ಕರುಣೆಯ ಕೊರತೆಯಿರಲಿಲ್ಲ. ಹೊಲದ ಒಡೆಯನನ್ನು ಕೇಳಬೇಕೆಂಬ ವಿನಯದ ಕೊರತೆಯಿದ್ದಿತು. ‘ಇದು ಬೇಡ, ಅದು ಬೇಕು’ ಎಂದು ಹೇಳಿದ ಮೇಲೂ ನಂಟು ಮುರಿಯದೆ ಉಳಿಯುವುದೆಂಬ ಭರವಸೆ ಪಡೆಯುವವನಿಗೆ ಇದ್ದರೆ ಅದು ಸ್ನೇಹ. ಇಲ್ಲದಿದ್ದರೆ, ಹೆಸರು ಯಾವುದಾದರೂ, ಅದು ಭಿಕ್ಷೆಯೇ.

ವ್ಯಾಪಾರದ ಅನ್ಯಾಯ, ಸಾಲದ ಹೊರೆ ಮೊದಲಾದ ದೊಡ್ಡ ಕಾರಣಗಳಿರುವಾಗ ಇಂಥ ಸಣ್ಣ ಕೊಂಡಿಗಳಿಂದ ಏನಾದೀತೆಂದು ಇನ್ನು ಕೆಲವರು ಆಕ್ಷೇಪಿಸುವರು. ಬಡತನವನ್ನು ನೀಗುವುದು ಇವುಗಳಿಂದ ಆಗದು, ದಿಟ. ಆ ಕೆಲಸ ರಾಜ್ಯಗಳದು, ನ್ಯಾಯದ್ದು. ಆದರೆ ದೂರದ ಜನರಿಗೆ ನ್ಯಾಯ ಬೇಕೆಂದು ಕೇಳುವ ಮನಸ್ಸು ಹುಟ್ಟಬೇಕಾದರೆ, ಆ ಜನರು ಮೊದಲು ಹೆಸರುಳ್ಳವರಾಗಿ, ಮುಖವುಳ್ಳವರಾಗಿ ತೋರಬೇಕು. ಕ್ವುಥಿಂಗಿನ ದಾದಿಯನ್ನು ಬಲ್ಲ ವೇಲ್ಸಿನ ದಾದಿಗೆ ಲೆಸೋಥೊ ಎಂಬುದು ಬರಿಯ ಅಂಕಿಸಂಖ್ಯೆಗಳ ಪಟ್ಟಿಯಾಗಿ ಉಳಿಯದು. ಮುಯ್ಯಾಳು ಊರಿನ ಬರವನ್ನು ತಡೆಯಲಾರನು. ಆದರೆ ಬರ ಬಂದ ದಿನ ಯಾರ ಮನೆಯಲ್ಲಿ ಒಲೆ ಹತ್ತಲಿಲ್ಲವೆಂಬುದನ್ನು ಅವನು ಬಲ್ಲನು.