ಊಹೆ ಪ್ರಶ್ನೆ ಕೇಳಲಿ, ಸಾಕ್ಷಿ ಹೇಳುವುದು ಬೇಡ

ಬಸವ ಜಯಂತಿ ಬಂತೆಂದರೆ ತಾಂಬಾ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಮ್ಮ ಕಡೆಯ ಯಾವ ಊರಿನ ವೇದಿಕೆಯಲ್ಲೂ ಒಂದು ಮಾತು ತಪ್ಪುವುದಿಲ್ಲ: 'ಬಸವಣ್ಣನವರು ಇವತ್ತು ಇದ್ದಿದ್ದರೆ ಇದನ್ನು ಒಪ್ಪುತ್ತಿರಲಿಲ್ಲ.' ಅದೇ ವಿಷಯಕ್ಕೆ ಇನ್ನೊಂದು ವೇದಿಕೆಯಲ್ಲಿ 'ಅವರಿದ್ದಿದ್ದರೆ ಮೊದಲು ಅವರೇ ಒಪ್ಪುತ್ತಿದ್ದರು' ಎನ್ನುತ್ತಾರೆ. ಇಬ್ಬರಿಗೂ ಚಪ್ಪಾಳೆ ಬೀಳುತ್ತದೆ. ಸಂಶೋಧಕರೊಬ್ಬರು ಹೊಸ ವಿಚಾರ ಮುಂದಿಟ್ಟರೆ ಮಾತ್ರ ಇದೇ ಜನ 'ಅದು ಬರೀ ಊಹೆ' ಎಂದು ತಳ್ಳಿಹಾಕುತ್ತಾರೆ. ಮೊದಲಿನ ಮಾತು ಊಹೆಗೆ ಇಲ್ಲದ ಅಧಿಕಾರ ಕೊಡುತ್ತದೆ. ಎರಡನೆಯದು ಅದಕ್ಕಿರುವ ಅಧಿಕಾರವನ್ನೂ ಕಸಿಯುತ್ತದೆ. ಎರಡು ತಪ್ಪಿಗೂ ಬೇರು ಒಂದೇ. ಊಹೆಯ ಕೆಲಸ ಏನೆಂದು ನಾವು ವಿಚಾರ ಮಾಡಿಲ್ಲ.

'ಇದಕ್ಕೆ ಅದು ಹೀಗೆ ಪ್ರತಿಕ್ರಿಯಿಸಿರಬೇಕು' ಎಂದು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದನ್ನು ಕಲ್ಪಿತ ಪ್ರತಿಕ್ರಿಯೆ ಎನ್ನೋಣ. ರಸಾಯನ ವಿಜ್ಞಾನಿ ಕಣ್ಣಿಗೆ ಕಾಣದ ಅಣುಗಳ ಬಗ್ಗೆ ಹೀಗೆ ಕಟ್ಟುತ್ತಾನೆ. ವಚನ ಓದುವವನು ಹನ್ನೆರಡನೆಯ ಶತಮಾನದ ಕೇಳುಗರ ಬಗ್ಗೆ ಕಟ್ಟುತ್ತಾನೆ. ಕಟ್ಟದೆ ಇಬ್ಬರಿಗೂ ಗತಿಯಿಲ್ಲ. ಕಟ್ಟಿದ್ದನ್ನು ಯಾವುದಕ್ಕೆ ಬಳಸುತ್ತೇವೆ ಎಂಬಲ್ಲಿದೆ ಭೇದ. ಊಹೆಯನ್ನು ಪ್ರಶ್ನೆಯಾಗಿ ಬಳಸುವುದು ಒಂದು ಬಗೆ: ಇದು ನಿಜವಾಗಿದ್ದರೆ ಎಲ್ಲಿ, ಯಾವ ಗುರುತು ಉಳಿದಿರಬೇಕು, ಹುಡುಕೋಣ ಎನ್ನುವುದು. ಊಹೆಯನ್ನೇ ಸಾಕ್ಷಿಯಾಗಿ ನಿಲ್ಲಿಸುವುದು ಇನ್ನೊಂದು ಬಗೆ: ಅವರು ಹೀಗೇ ಹೇಳುತ್ತಿದ್ದರು, ಆದ್ದರಿಂದ ನಾನು ಹೇಳುವುದು ಸರಿ ಎನ್ನುವುದು. ಮೊದಲನೆಯದು ಸಂಶೋಧನೆ. ಎರಡನೆಯದು ತನ್ನ ಮಾತನ್ನೇ ದೊಡ್ಡವರ ಬಾಯಿಂದ ಹೇಳಿಸುವುದು.

ಈ ಭೇದವನ್ನು ನಮ್ಮ ನ್ಯಾಯಶಾಸ್ತ್ರ ಬಹಳ ಹಿಂದೆಯೇ ಗುರುತಿಸಿತ್ತು. ಗೌತಮನ ನ್ಯಾಯಸೂತ್ರ ಹದಿನಾರು ಪದಾರ್ಥಗಳನ್ನು ಎಣಿಸುವಾಗ ತರ್ಕಕ್ಕೂ ಅಲ್ಲಿ ಜಾಗ ಕೊಡುತ್ತದೆ. ನಿಜ ಸ್ವರೂಪ ತಿಳಿಯದ ವಸ್ತುವಿನ ಬಗ್ಗೆ, ತಿಳಿಯುವುದಕ್ಕಾಗಿಯೇ, ಕಾರಣ ಹಿಡಿದು ಮಾಡುವ ಊಹೆಯೇ ತರ್ಕ ಎನ್ನುತ್ತದೆ. ಆದರೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳಲ್ಲಿ ಅದನ್ನು ಸೇರಿಸಲಿಲ್ಲ. ತರ್ಕ ಪ್ರಮಾಣಕ್ಕೆ ನೆರವಾಗುತ್ತದೆ, ತಾನೇ ಪ್ರಮಾಣವಲ್ಲ. ಗುಡ್ಡದ ಮೇಲೆ ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ ಎಂಬ ಯೋಚನೆ ಸಂಶಯವನ್ನು ಕಳೆಯುತ್ತದೆ. ಬೆಂಕಿಯನ್ನು ಸಾಧಿಸಿಕೊಡುವುದು ಕಂಡ ಹೊಗೆ. 'ಬರೀ ಊಹೆ' ಎಂದು ಮೂಗು ಮುರಿಯುವವರಿಗೂ, ಊಹೆಯನ್ನೇ ತೀರ್ಪು ಮಾಡಿಕೊಳ್ಳುವವರಿಗೂ ಇಷ್ಟೇ ಉತ್ತರ ಸಾಕು.

ಪ್ರಶ್ನೆಯಾಗಿ ನಿಂತ ಊಹೆ ಹೇಗಿರುತ್ತದೆ ಎಂಬುದಕ್ಕೆ ರಸಾಯನ ವಿಜ್ಞಾನದ ಒಂದು ಪ್ರಯೋಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಎಸ್ಟರ್ ಎಂಬ ವಸ್ತುಗಳಿವೆ. ಒಂದು ಕಡೆ ಆಮ್ಲದ ಭಾಗ, ಇನ್ನೊಂದು ಕಡೆ ಆಲ್ಕೋಹಾಲಿನ ಭಾಗ, ನಡುವೆ ಕೊಂಡಿಯಾಗಿ ಆಮ್ಲಜನಕದ ಒಂದು ಪರಮಾಣು. ನಾವು ತಿನ್ನುವ ಎಣ್ಣೆಯೂ ಇದೇ ಜಾತಿಯದು. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿದಾಗ ಸಾಬೂನು ಆಗುವುದು ಈ ಎಸ್ಟರ್ ಒಡೆಯುವುದರಿಂದ. ಒಡೆಯುವುದು ಎಲ್ಲಿ? ಕೊಂಡಿಯ ಆಮ್ಲದ ಕಡೆಯೋ, ಆಲ್ಕೋಹಾಲಿನ ಕಡೆಯೋ? ಎಲ್ಲಿ ಒಡೆದರೂ ಕೊನೆಗೆ ಕೈಗೆ ಸಿಗುವ ಪದಾರ್ಥಗಳು ಅವೇ. ತೂಕದಿಂದ ಭೇದ ತಿಳಿಯದು, ಕಣ್ಣಿಗಂತೂ ಕಾಣದು.

1934ರಲ್ಲಿ ಮೈಕೆಲ್ ಪೊಲಾನಿ ಮತ್ತು ಸಾಬೊ ಎಂಬ ಇಬ್ಬರು ಇದಕ್ಕೊಂದು ದಾರಿ ಕಂಡರು. ಮಾಮೂಲಿ ಆಮ್ಲಜನಕಕ್ಕಿಂತ ಭಾರವಾದ, 18 ಎಂಬ ಸಂಖ್ಯೆಯಿಂದ ಗುರುತಿಸುವ ಆಮ್ಲಜನಕ ಹೆಚ್ಚಾಗಿದ್ದ ನೀರಿನಲ್ಲಿ ಅವರು ಎಸ್ಟರನ್ನು ಒಡೆದರು. ಆಮ್ಲದ ಕಡೆ ಒಡೆದರೆ ಭಾರದ ಆಮ್ಲಜನಕ ಆಮ್ಲಕ್ಕೆ ಹೋಗಬೇಕು, ಆಲ್ಕೋಹಾಲಿನಲ್ಲಿ ಹಳೆಯದೇ ಉಳಿಯಬೇಕು. ಆಲ್ಕೋಹಾಲಿನ ಕಡೆ ಒಡೆದರೆ ಇದಕ್ಕೆ ತಿರುವುಮುರುವಾಗಬೇಕು. ಪರೀಕ್ಷಿಸಿದಾಗ ಆಲ್ಕೋಹಾಲಿನಲ್ಲಿ ಭಾರದ ಆಮ್ಲಜನಕ ಇರಲಿಲ್ಲ. ಎರಡು ಊಹೆಗಳಲ್ಲಿ ಒಂದು ಬಿತ್ತು. ನಿಂತ ಊಹೆಯನ್ನೂ ಅಲ್ಲಿಗೇ ಬಿಡಲಿಲ್ಲ. ನೀರಿನ ಭಾಗ ಬಂದು ಕೂಡಿಕೊಂಡು ನಡುವೆ ಒಂದು ಕ್ಷಣಿಕ ಅಣು ಹುಟ್ಟುತ್ತದೆಯೇ, ಅಥವಾ ಒಂದೇ ಏಟಿಗೆ ಎಲ್ಲ ಮುಗಿಯುತ್ತದೆಯೇ? ಹುಟ್ಟುವುದಾದರೆ ಅದು ಕೆಲವು ಸಲ ಮುಂದೆ ಹೋಗದೆ ಹಿಂದಕ್ಕೂ ಮರಳಬೇಕು; ಆಗ ಇನ್ನೂ ಒಡೆಯದೆ ಉಳಿದ ಎಸ್ಟರಿನಲ್ಲಿ ಆಮ್ಲಜನಕ ಅದಲುಬದಲಾಗಿರಬೇಕು. 1951ರಲ್ಲಿ ಮೈರನ್ ಬೆಂಡರ್ ನೋಡಿದಾಗ ಅದಲುಬದಲಾಗಿತ್ತು. ಕಾಣದ ವಸ್ತುವಿನ ಬಗ್ಗೆ ಇಷ್ಟು ಧೈರ್ಯದಿಂದ ಊಹಿಸಬಹುದು. ಸೋಲುವ ದಾರಿಯನ್ನು ಮೊದಲೇ ತೆರೆದಿಟ್ಟಿದ್ದರಿಂದಲೇ ಆ ಧೈರ್ಯಕ್ಕೆ ಬೆಲೆ ಬಂತು.

ಪ್ರಯೋಗಶಾಲೆಗೆ ಒಗ್ಗುವುದು ಇತಿಹಾಸಕ್ಕೆ, ಸಾಹಿತ್ಯಕ್ಕೆ ಒಗ್ಗದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶಾಸನತಜ್ಞ ಜೆ. ಎಫ್. ಫ್ಲೀಟ್ ಬಸವಣ್ಣನವರ ಬಗ್ಗೆ ಎತ್ತಿದ ಸಂಶಯವನ್ನೇ ನೋಡಿ. ಪುರಾಣಗಳು ಹೇಳುವಷ್ಟು ದೊಡ್ಡ ವ್ಯಕ್ತಿಯಾಗಿದ್ದರೆ ಶಾಸನಗಳಲ್ಲಿ ಹೆಸರು ಬರಬೇಕಿತ್ತಲ್ಲ ಎಂಬುದು ಆ ಸಂಶಯದ ತಿರುಳು. ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ಕಥೆ ಇದೆ, ಬಸವಣ್ಣನವರ ಹೆಸರಿಲ್ಲ. ಈ ಸಂಶಯ ನಮ್ಮವರಿಗೆ ಸಿಟ್ಟು ತರಿಸಿತು. ಆದರೆ ಅದು ಪ್ರಾಮಾಣಿಕ ಊಹೆ. ಯಾವ ಗುರುತು ಸಿಕ್ಕರೆ ತಾನು ಬೀಳುತ್ತೇನೆಂದು ಅದು ತಾನೇ ಹೇಳಿತ್ತು. ಮುಂದೆ ಬೆಳಕಿಗೆ ಬಂದ ಅರ್ಜುನವಾಡದ 1260ರ ಶಾಸನದಲ್ಲಿ ತರ್ದವಾಡಿ ನಾಡಿನ ಬಾಗೇವಾಡಿಯೂ ಇತ್ತು, ಮಾದಿರಾಜನ ಮಗ ಬಸವರಾಜನೂ ಇದ್ದ. ಫ್ಲೀಟರ ಸಂಶಯ ಕರಗಿದ್ದು ಒಂದು ಕಲ್ಲಿನಿಂದ, ಕೂಗಾಟದಿಂದಲ್ಲ. ಆ ಕಲ್ಲು ಕೂಡ ಬಸವಣ್ಣನವರಿಗಿಂತ ಸುಮಾರು ನೂರು ವರ್ಷ ಈಚಿನದು. ಅವರ ಹೆಸರಿಗೆ, ಊರಿಗೆ ಅದು ಸಾಕ್ಷಿ. ಕಲ್ಯಾಣದಲ್ಲಿ ನಡೆದದ್ದಕ್ಕೆಲ್ಲ ಸಾಕ್ಷಿಯಲ್ಲ. ಸಾಕ್ಷಿಯನ್ನು ಅದು ಹೇಳಿದಷ್ಟಕ್ಕೇ ನಂಬುವುದೂ ಈ ಶಿಸ್ತಿನ ಭಾಗ.

ಶೂನ್ಯಸಂಪಾದನೆಯದು ಇನ್ನೂ ಸೂಕ್ಷ್ಮವಾದ ಪ್ರಸಂಗ. ಅಲ್ಲಮನ ಪ್ರಶ್ನೆಗೆ ಅಕ್ಕಮಹಾದೇವಿ ಕೊಡುವ ಉತ್ತರ ಓದಿದಾಗ ಅನುಭವ ಮಂಟಪದಲ್ಲಿ ಕುಳಿತು ಯಾರೋ ಬರೆದುಕೊಂಡಂತೆ ತೋರುತ್ತದೆ. ಆದರೆ ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದವಾಗಿ ಜೋಡಿಸಿದವನು ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಮತ್ತೆ ಜೋಡಿಸಿದರು. ನಮ್ಮ ಇಂಡಿಗೆ ಹತ್ತಿರದ ಸೊನ್ನಲಿಗೆಯ ಸಿದ್ಧರಾಮನ ದೀಕ್ಷೆಯ ವಿಷಯದಲ್ಲಿ ಈ ಸಂಪಾದನೆಗಳು ಒಂದೇ ಮಾತು ಹೇಳುವುದಿಲ್ಲ. ಕನ್ನಡದ ಮಹಾಕೃತಿಗಳ ಸಾಲಿನಲ್ಲಿ ಶೂನ್ಯಸಂಪಾದನೆಯನ್ನಿಟ್ಟೇ ಈ ಮಾತು ಹೇಳುತ್ತೇನೆ: ವಚನಗಳು ಶರಣರವು, ಯಾವ ವಚನಕ್ಕೆ ಯಾವುದು ಉತ್ತರ ಎಂಬ ಜೋಡಣೆ ಸಂಪಾದಕರದು. ಹನ್ನೆರಡನೆಯ ಶತಮಾನದ ಸಭೆಗೆ ಆ ಜೋಡಣೆ ಸಾಕ್ಷಿಯಾಗಲಾರದು. ಮುನ್ನೂರು ವರ್ಷಗಳ ನಂತರದವರು ವಚನಗಳನ್ನು ಹೇಗೆ ಓದಿಕೊಂಡರು ಎಂಬುದಕ್ಕೆ ಅದು ಅಮೂಲ್ಯ ಸಾಕ್ಷಿ. ಕಲ್ಪಿತ ಪ್ರತಿಕ್ರಿಯೆ ಎಲ್ಲಕ್ಕಿಂತ ಮೊದಲು ಕಲ್ಪಿಸಿದವನ ಬಗ್ಗೆ ಹೇಳುತ್ತದೆ.

ಇಲ್ಲಿಯೇ ನನಗೆ ತತ್ವಶಾಸ್ತ್ರಜ್ಞ ಆರ್. ಜಿ. ಕಾಲಿಂಗ್‌ವುಡ್ ಜೊತೆ ಜಗಳ. 1946ರಲ್ಲಿ, ಅವನು ತೀರಿಕೊಂಡ ಮೇಲೆ ಬಂದ 'ದಿ ಐಡಿಯಾ ಆಫ್ ಹಿಸ್ಟರಿ'ಯಲ್ಲಿ, ಹಿಂದಿನವರ ಆಲೋಚನೆಯನ್ನು ತನ್ನ ಮನಸ್ಸಿನಲ್ಲಿ ಮತ್ತೆ ನಡೆಸುವುದೇ ಇತಿಹಾಸಕಾರನ ಕೆಲಸ ಎನ್ನುತ್ತಾನೆ. ಸೀಸರ್ ರೂಬಿಕಾನ್ ನದಿ ದಾಟಿದ್ದನ್ನು ಅರಿಯಬೇಕಾದರೆ ಸೀಸರನ ವಿಚಾರವನ್ನು ನಾವೂ ವಿಚಾರಿಸಬೇಕು. ಪುರಾವೆ ಬೇಕೆಂದು ಅವನೂ ಹೇಳುತ್ತಾನೆ, ನಿಜ. ಆದರೆ ನನ್ನೊಳಗೆ ನಡೆದದ್ದು ಸೀಸರನ ವಿಚಾರವೋ ನನ್ನದೋ ಎಂಬುದನ್ನು ಒಳಗಿನಿಂದ ಯಾರೂ ಹೇಳಲಾರರು. ಮನಸ್ಸಿನ ಒಳಗೆ ಎಲ್ಲ ಬಸವಣ್ಣಂದಿರೂ ನಮ್ಮ ಹಾಗೆಯೇ ಮಾತಾಡುತ್ತಾರೆ. ಹೊರಗಿನ ಕಲ್ಲು, ತಾಳೆಗರಿ, ಪಾಠಾಂತರ ಮಾತ್ರ ನಮಗೆ 'ಅಲ್ಲ' ಎನ್ನಬಲ್ಲವು.

ಆ 'ಅಲ್ಲ' ಕೇಳಿಸಬೇಕೆಂದೇ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ತಂದು 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು ಎಂದು ನಾನು ಭಾವಿಸುತ್ತೇನೆ. ಗದ್ದುಗೆಯ ಮೇಲೆ ಪೂಜೆಗಿಟ್ಟ ಗರಿ ಯಾರ ಮಾತನ್ನೂ ತಿದ್ದಲಾರದು. ಓದಿದ ಗರಿ ತಿದ್ದೀತು. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಅದೇ ದಾರಿಯಲ್ಲಿ ನಡೆದು ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾದರು. ಅವರ 'ಮಾರ್ಗ' ಕೃತಿಯ ಕೆಲವು ಊಹೆಗಳು ಜನರಿಗೆ ನೋವು ತಂದವು. 1989ರಲ್ಲಿ ಒತ್ತಡಕ್ಕೆ ಸಿಕ್ಕಿ ಅವರು ಬರೆದದ್ದನ್ನು ಹಿಂದಕ್ಕೆ ಪಡೆಯಬೇಕಾಯಿತು; 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಗುಂಡಿಗೆ ಬಲಿಯಾದರು. ಅವರ ಊಹೆಗಳೆಲ್ಲ ಸರಿಯೆಂದು ನಾನು ವಾದಿಸುತ್ತಿಲ್ಲ. ತಪ್ಪಿದ್ದರೆ ತೋರಿಸಲು ಇನ್ನೊಂದು ಶಾಸನವಿತ್ತು, ಇನ್ನೊಂದು ಪಾಠವಿತ್ತು, ಇನ್ನೊಂದು ಓದು ಇತ್ತು. ಊಹಿಸಿದವನ ಬಾಯಿ ಮುಚ್ಚಿಸಿದರೆ ಊಹೆ ಸುಳ್ಳಾಗುವುದಿಲ್ಲ, ಪರೀಕ್ಷೆಯಾಗದೆ ಉಳಿಯುತ್ತದೆ ಅಷ್ಟೆ. ಅದಕ್ಕೆ ಉತ್ತರ ಹುಡುಕುವ ಹೊಣೆ ಈಗ ನಮ್ಮದು.