ಮುಯ್ಯಾಳು

‘ಎಷ್ಟಾಯಿತು?’ ಕಿರುಚಿತ್ರ ಮಾಡಿದವರನ್ನು ಕಥೆ ಏನೆಂದು ಕೇಳುವ ಮೊದಲೇ ಜನ ಕೇಳುವುದು ಇದನ್ನು. ‘ಹದಿನೆಂಟು ಸಾವಿರ’ ಎನ್ನುತ್ತಿದ್ದೆ. ಕೇಳಿದವರ ಹುಬ್ಬು ಮೇಲೇರುತ್ತಿತ್ತು. ಅದನ್ನು ನೋಡಲೆಂದೇ ಒಂದು ಗಳಿಗೆ ಸುಮ್ಮನಿರುತ್ತಿದ್ದೆ.

ಹನ್ನೆರಡು ನಿಮಿಷದ ಚಿತ್ರ. ಊರಿಗೆ ಬಂದ ಮಗ ಹಳೆಯ ಮನೆಯ ಕೆತ್ತನೆ ಬಾಗಿಲನ್ನು ಮಾರಲು ಹೊರಡುವ ಕಥೆ. ಚನ್ನರಾಯಪಟ್ಟಣದ ಹತ್ತಿರ, ದೊಡ್ಡಮ್ಮನ ಮನೆಯಲ್ಲಿ ಮೂರು ದಿನ ಚಿತ್ರೀಕರಣ. ಲೆಕ್ಕದ ಪುಸ್ತಕ ಇನ್ನೂ ಇದೆ: ಲೆನ್ಸ್ ಬಾಡಿಗೆ 4,500, ಮೈಕು ಮತ್ತು ರೆಕಾರ್ಡರ್ 3,000, ವ್ಯಾನು 5,000, ದಿನಸಿ ತರಕಾರಿ 4,200, ಥರ್ಮಕೋಲ್, ಟೇಪು, ಬ್ಯಾಟರಿ 1,300. ಕೂಡಿದರೆ ಸರಿಯಾಗಿ 18,000.

ಕೈ ಬಿಗಿಯಿದ್ದದ್ದರಿಂದ ಕಲಿತದ್ದುಂಟು. ಲೈಟು ತರುವ ಶಕ್ತಿ ಇರಲಿಲ್ಲ. ಹಾಗಾಗಿ ಪಡಸಾಲೆಗೆ ಬಿಸಿಲು ಯಾವಾಗ ಬರುತ್ತದೆ, ಯಾವ ಕಂಬ ದಾಟಿ ಹೋಗುತ್ತದೆ ಎಂದು ಒಂದು ದಿನವಿಡೀ ಕೂತು ನೋಡಿದೆವು. ಬಿಸಿಲನ್ನು ಥರ್ಮಕೋಲ್ ಹಾಳೆಯಲ್ಲಿ ಹಿಡಿದು ಮುಖಕ್ಕೆ ತಿರುಗಿಸಿದೆವು. ಫ್ರಿಜ್ಜಿನ ಗುಂಯ್ ಸದ್ದು ಮೈಕಿಗೆ ಬೀಳುತ್ತದೆಂದು ಅದನ್ನು ಆರಿಸಿ, ಮತ್ತೆ ಹಾಕುವುದು ಮರೆಯದಿರಲೆಂದು ವ್ಯಾನಿನ ಬೀಗದಕೈಯನ್ನು ಅದರೊಳಗೇ ಇಟ್ಟೆವು. ಇದನ್ನೆಲ್ಲ ಹೇಳಿ ‘ಬಡತನವೇ ಗುರು’ ಎಂದು ಭಾಷಣ ಬಿಗಿಯುವುದು ಸುಲಭ. ನಾನೂ ಬಿಗಿದಿದ್ದೇನೆ.

ಆದರೆ ಕೊನೆಯ ದಿನ ಸಂಜೆ, ಸಾಮಾನು ಕಟ್ಟುತ್ತ ನಾನು ಲೆಕ್ಕ ಓದಿ ಹೇಳಿದಾಗ ದೊಡ್ಡಮ್ಮ ಮೊರದಿಂದ ತಲೆಯೆತ್ತದೆ ಕೇಳಿದ್ದರು: ‘ಅಡಿಗೆ ಮಾಡ್ದೋರ್ದು ಎಲ್ಲಿ ಬರ್ದಿದ್ದೀಯ ಮಗ?’ ಕೂಲಿಗಾಗಿ ಕೇಳಿದ್ದಲ್ಲ, ಕೊಡಲು ಹೋಗಿದ್ದರೆ ಬೈಯುತ್ತಿದ್ದರು. ‘ಮುಯ್ಯಾಳಿಗೆ ಯಾರ್ಯಾರು ಬಂದಿದ್ರು ಅಂತ ನೆನಪಿಟ್ಕೋತೀವಲ್ಲ, ಅದುಕ್ ಕೇಳ್ದೆ’ ಅಂದರು. ಆಗ ನಕ್ಕು ಸುಮ್ಮನಾದೆ.

ಮುಯ್ಯಾಳು ಎಂದರೆ, ಕೂಲಿ ಕೊಡಲು ದುಡ್ಡಿಲ್ಲದವರು ನಾಟಿ, ಕುಯ್ಲು ಮುಗಿಸಿಕೊಳ್ಳುತ್ತಿದ್ದ ಬಗೆ. ಇವತ್ತು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ದುಡ್ಡು ಕೈಯಿಂದ ಕೈಗೆ ಹೋಗುವುದಿಲ್ಲ; ಹಾಗೆಂದು ಪುಕ್ಕಟೆಯೂ ಅಲ್ಲ. ತಿರುಗಿ ಹೋಗದವನ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುವುದಿಲ್ಲ.

ಆ ಮಾತು ನನಗೆ ತಟ್ಟಿದ್ದು ಎರಡನೆಯ ಚಿತ್ರದ ಹೊತ್ತಿಗೆ. ಮೊದಲ ಚಿತ್ರಕ್ಕೆ ಮೂರು ದಿನ ಮೈಕು ಹಿಡಿದಿದ್ದ ಗೆಳೆಯ ಫೋನೇ ಎತ್ತಲಿಲ್ಲ. ಸಿಟ್ಟು ಬಂತು. ಆ ಮೂರು ದಿನಕ್ಕಾಗಿ ಅವನು ಒಂದು ಮದುವೆಯ ವಿಡಿಯೊ ಕೆಲಸ ಬಿಟ್ಟಿದ್ದನೆಂದು ಆಮೇಲೆ ಇನ್ನೊಬ್ಬರಿಂದ ತಿಳಿಯಿತು. ಅವನ ಮನೆಯ ಗೃಹಪ್ರವೇಶಕ್ಕೆ ನಾನು ಹೋಗಿರಲಿಲ್ಲ, ಎಡಿಟಿಂಗ್ ಇದೆ ಎಂದು.

ಕಡಿಮೆ ದುಡ್ಡಿನಲ್ಲಿ ಹುಟ್ಟಿದ ದೊಡ್ಡ ಚಿತ್ರಗಳ ಕಥೆಗಳೂ ಆಮೇಲೆ ನನಗೆ ಬೇರೆಯಾಗಿ ಕೇಳಿಸತೊಡಗಿದವು. 1955ರ ‘ಪಥೇರ್ ಪಾಂಚಾಲಿ’ಗಾಗಿ ಸತ್ಯಜಿತ್ ರಾಯ್ ಒಡವೆ ಅಡವಿಟ್ಟರು ಎನ್ನುತ್ತೇವೆ. ಒಡವೆ ಅವರ ಹೆಂಡತಿ ಬಿಜೋಯಾ ಅವರದು. 1992ರ ‘ಎಲ್ ಮರಿಯಾಚಿ’ ಬರೀ 7,000 ಡಾಲರಿನಲ್ಲಿ ಆಯಿತು ಎನ್ನುತ್ತೇವೆ. ಅದರಲ್ಲೊಂದು ಪಾಲಿಗಾಗಿ ರಾಬರ್ಟ್ ರೋಡ್ರಿಗಸ್ ಔಷಧ ಪ್ರಯೋಗಕ್ಕೆ ತನ್ನ ಮೈಯನ್ನೇ ಒಡ್ಡಿ ಕೂತಿದ್ದ. ಚಿತ್ರಮಂದಿರಕ್ಕೆ ತರುವಾಗ ಕೊಲಂಬಿಯಾ ಸಂಸ್ಥೆ ಅದರ ಎಷ್ಟೋ ಪಟ್ಟು ಸುರಿಯಿತು. ನಾವು ಬಾಯಿಪಾಠ ಮಾಡಿಕೊಂಡ ಅಂಕಿಯೊಳಗೆ ಇದ್ಯಾವುದೂ ಇಲ್ಲ.

ಹಾಗಾದರೆ ಯಾರ ಹಂಗೂ ಬೇಡವೆನ್ನೋಣವೇ? ಹಂಗು ಬೇಡವೆಂದರೆ ದುಡ್ಡಿದ್ದವರಷ್ಟೇ ಸಿನಿಮಾ ಮಾಡಬೇಕಾಗುತ್ತದೆ. ನನ್ನಂಥವನಿಗೆ ಮುಯ್ಯಾಳಲ್ಲದೆ ಬೇರೆ ದಾರಿಯಿಲ್ಲ. ಆದರೆ ನಮ್ಮಲ್ಲಿ ಬಿಟ್ಟಿ ಎಂಬ ಇನ್ನೊಂದು ಮಾತೂ ಇದೆ. ಎರಡರಲ್ಲೂ ಕೂಲಿಯಿಲ್ಲ. ದುಡಿಸಿಕೊಂಡವನು ನೆನಪಿಟ್ಟರೆ ಮುಯ್ಯಿ, ಮರೆತರೆ ಬಿಟ್ಟಿ. ‘ಹದಿನೆಂಟು ಸಾವಿರ’ ಎಂದು ಬೀಗುತ್ತಿದ್ದಾಗ ನಾನು ಮರೆತವರ ಸಾಲಿನಲ್ಲಿದ್ದೆ.

ದೀಪಾವಳಿಗೆ ಹೋದಾಗ ದೊಡ್ಡಮ್ಮನ ಜಗಲಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಚಿತ್ರ ತೋರಿಸಿದೆ. ತಾಯಿ ಮಗ ಎದುರುಬದುರು ಕೂತು ಮಾತಾಡುವ ದೃಶ್ಯ ಬಂತು. ಆ ದಿನ ಪಕ್ಕದ ತೋಟದಲ್ಲಿ ಪಂಪ್‌ಸೆಟ್ಟು ಓಡುತ್ತಿತ್ತು. ‘ಸ್ವಲ್ಪ ಹೊತ್ತು ನಿಲ್ಸಣ್ಣ’ ಎಂದು ಕೇಳಿಕೊಂಡಿದ್ದೆ. ತೋಟದ ಯಜಮಾನ ಮರುಮಾತಾಡದೆ ನಿಲ್ಲಿಸಿದ್ದ. ನಮ್ಮ ಟೇಕು ಮುಗಿಯುವಷ್ಟರಲ್ಲಿ ತ್ರೀಫೇಸ್ ಕರೆಂಟು ಹೋಗಿತ್ತು. ಅವನ ಟೊಮೆಟೊಗೆ ಆ ದಿನ ನೀರಿಲ್ಲ. ಚಿತ್ರದ ಕೊನೆಯ ಕೃತಜ್ಞತೆಗಳಲ್ಲಿ ಅವನ ಹೆಸರೂ ಇರಲಿಲ್ಲ.

ಎಲ್ಲರೂ ಪರದೆಯ ಮೇಲಿನ ತಾಯಿಯ ಮುಖ ನೋಡುತ್ತಿದ್ದರು. ಅವನು ಮಾತ್ರ ಪಕ್ಕದವನ ತೊಡೆ ತಟ್ಟಿ ಪಿಸುಗುಟ್ಟಿದ: ‘ಈಗ ಕೇಳ್ಲಾ, ನನ್ ಮೋಟ್ರು ಆಫ್ ಆಗೈತೆ.’

ಎಡಿಟಿಂಗ್ ಟೇಬಲ್ಲಿನಲ್ಲಿ ನೂರು ಸಲ ನೋಡಿದ ದೃಶ್ಯ ಅದು. ಅದರೊಳಗಿನ ನಿಶ್ಶಬ್ದಕ್ಕೆ ಒಬ್ಬ ಒಡೆಯನಿದ್ದಾನೆಂದು ನನಗೆ ಹೊಳೆದೇ ಇರಲಿಲ್ಲ. ರಾತ್ರಿ ಲೆಕ್ಕದ ಪುಸ್ತಕ ತೆಗೆದೆ. ಮೊದಲು ದೊಡ್ಡಮ್ಮನ ಹೆಸರು, ಆಮೇಲೆ ಗೆಳೆಯನದು, ಅದರ ಕೆಳಗೆ ತೋಟದ ಯಜಮಾನನದು. ಮೊಬಲಗಿನ ಜಾಗದಲ್ಲಿ ಏನು ಹಾಕಲಿ ಎಂದು ತುಸು ಹೊತ್ತು ಯೋಚಿಸಿ ಬರೆದೆ: ಒಂದೂವರೆ ಗಂಟೆ ಕರೆಂಟು.